ಮಗಳ ಉಬ್ಬಸವನ್ನು ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ

ರಾಬರ್ಟ್‌ಸನ್‌ಪೇಟೆಯಲ್ಲಿ ಎದೆ ಕಾಯಿಲೆ ಎಂದರೆ ಇವತ್ತಿಗೂ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಗಂಡಸು. ಗಣಿಗೆ ಇಳಿದು, ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದು, ಕೊನೆಗೆ ಮನೆಯ ಹೊಸ್ತಿಲು ದಾಟುವುದಕ್ಕೂ ಏದುಸಿರು ಬಿಡುತ್ತಿದ್ದ ಅಜ್ಜ. ಈ ಚಿತ್ರ ಸುಳ್ಳಲ್ಲ. ಸಿಲಿಕೋಸಿಸ್ ಎಂಬ ಧೂಳಿನ ರೋಗ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ದಾಖಲಾದದ್ದು 1940ರ ದಶಕದಲ್ಲಿ, ಇಲ್ಲಿನ ಚಿನ್ನದ ಗಣಿಗಳ ಕಾರ್ಮಿಕರಲ್ಲೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೆ ಆ ಚಿತ್ರ ನಮ್ಮ ತಲೆಯಲ್ಲಿ ಹಾಗೆಯೇ ಉಳಿದಿದೆ. ಉಸಿರಿನ ಕಾಯಿಲೆ ಗಂಡಸರದು, ದುಡಿದವರದು, ವಯಸ್ಸಾದವರದು ಎಂದು ನಾವು ಈಗಲೂ ನಂಬಿದ್ದೇವೆ.

ಈ ನಂಬಿಕೆಯ ಬೆಲೆ ತೆರುತ್ತಿರುವವರು ಮನೆಯ ಹೆಣ್ಣುಮಕ್ಕಳು. ಹದಿನಾಲ್ಕು ವರ್ಷದ ಮಗಳಿಗೆ ರಾತ್ರಿ ಉಸಿರು ಕಟ್ಟಿದರೆ ‘ಶೀತ’ ಎನ್ನುತ್ತೇವೆ. ಮೂವತ್ತರ ಸೊಸೆಗೆ ಎದೆ ಬಿಗಿದರೆ ‘ಗ್ಯಾಸ್’ ಇಲ್ಲವೇ ‘ಟೆನ್ಶನ್’ ಎನ್ನುತ್ತೇವೆ. ಐವತ್ತರ ಅಮ್ಮಿ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ‘ನಿಶ್ಶಕ್ತಿ’, ‘ರಕ್ತ ಕಡಿಮೆ’ ಎನ್ನುತ್ತೇವೆ. ಆಸ್ತಮಾ ಅಥವಾ ನಮ್ಮ ಮನೆಗಳಲ್ಲಿ ಹೇಳುವಂತೆ ‘ದಮಾ’ ಎಂಬ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಬಂದರೂ ಪಿಸುಮಾತಿನಲ್ಲಿ ಬರುತ್ತದೆ.

ಈ ಲೇಖನದಲ್ಲಿ ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಮನೆಯ ಹೆಣ್ಣುಮಗಳಿಗೆ ಉಬ್ಬಸವಿದ್ದರೆ, ಅದು ಯಾವ ದಿನಗಳಲ್ಲಿ ಹೆಚ್ಚುತ್ತದೆ ಎಂಬುದನ್ನು ಅವಳ ಮುಟ್ಟಿನ ದಿನಗಳ ಜೊತೆ ಹೋಲಿಸಿ ನೋಡಿ, ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ. ಯಾಕೆಂದರೆ ಗಂಡಿನ ಆಸ್ತಮಾ ಮತ್ತು ಹೆಣ್ಣಿನ ಆಸ್ತಮಾ ಒಂದೇ ರೀತಿ ನಡೆದುಕೊಳ್ಳುವುದಿಲ್ಲ.

ಹುಡುಗನ ದಾರಿ ಬೇರೆ, ಹುಡುಗಿಯ ದಾರಿ ಬೇರೆ

ಚಿಕ್ಕ ಮಕ್ಕಳಲ್ಲಿ ಆಸ್ತಮಾ ಹುಡುಗರಿಗೇ ಹೆಚ್ಚು. ಉಬ್ಬಸ ಬಂದು ಆಸ್ಪತ್ರೆಗೆ ಸೇರುವ ಪುಟ್ಟ ಮಕ್ಕಳಲ್ಲೂ ಹುಡುಗರ ಸಂಖ್ಯೆಯೇ ದೊಡ್ಡದು. ಆ ವಯಸ್ಸಿನಲ್ಲಿ ಹುಡುಗರ ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ಗಾಳಿ ಹೋಗುವ ಕೊಳವೆಗಳು ಕಿರಿದಾಗಿರುತ್ತವೆ ಎಂಬುದು ಇದಕ್ಕೆ ಒಂದು ಕಾರಣ. ಅಲರ್ಜಿಯೂ ಅವರಲ್ಲಿ ಸ್ವಲ್ಪ ಹೆಚ್ಚು.

ಹನ್ನೆರಡು, ಹದಿಮೂರು ವರ್ಷದ ಹೊತ್ತಿಗೆ ಲೆಕ್ಕ ತಿರುಗಲು ಶುರುವಾಗುತ್ತದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಅನೇಕ ಹುಡುಗರ ಉಬ್ಬಸ ಕಡಿಮೆಯಾಗುತ್ತದೆ. ಅದೇ ವಯಸ್ಸಿನಲ್ಲಿ ಹುಡುಗಿಯರಲ್ಲಿ ಹೊಸದಾಗಿ ಉಬ್ಬಸ ಹುಟ್ಟುವುದು, ಇದ್ದದ್ದು ಬಲಿಯುವುದು ಹೆಚ್ಚುತ್ತದೆ. ಪ್ರಾಯಕ್ಕೆ ಬಂದ ಮೇಲೆ ಆಸ್ತಮಾ ಇರುವವರಲ್ಲಿ ಹೆಂಗಸರೇ ಹೆಚ್ಚು. ಅವರ ಕಾಯಿಲೆಯ ತೀವ್ರತೆಯೂ ಹೆಚ್ಚು, ಆಸ್ಪತ್ರೆಗೆ ಸೇರುವುದೂ ಹೆಚ್ಚು.

ಇದು ಪರದೇಶದ ಮಾತು ಎಂದು ತಳ್ಳಿಹಾಕಬೇಡಿ. ಚಂಡೀಗಢ, ದೆಹಲಿ, ಕಾನ್ಪುರ ಮತ್ತು ನಮ್ಮ ಬೆಂಗಳೂರಿನಲ್ಲಿ 73 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. ನಾಲ್ಕು ಕಡೆಯ ಒಟ್ಟು ಲೆಕ್ಕದಲ್ಲಿ ನೂರಕ್ಕೆ 2.38 ಮಂದಿಗೆ ಆಸ್ತಮಾ ಇತ್ತು. ಬೆಂಗಳೂರಿನಲ್ಲಿ ಅದು 3.47, ನಾಲ್ಕರಲ್ಲೂ ಹೆಚ್ಚು. ಆಸ್ತಮಾ ಬರುವ ಸಾಧ್ಯತೆಯನ್ನು ಹೆಚ್ಚಿಸುವ ಅಂಶಗಳನ್ನು ಆ ಸಮೀಕ್ಷೆ ಪಟ್ಟಿ ಮಾಡಿತ್ತು: ಹೆಣ್ಣಾಗಿರುವುದು, ವಯಸ್ಸು, ನಗರವಾಸ, ಬಡತನ, ಮನೆಯವರಿಗೆ ಆಸ್ತಮಾ ಇರುವುದು, ತಂಬಾಕಿನ ಹೊಗೆ. ಬಡತನ, ಹೊಗೆ ಇವುಗಳ ಸಾಲಿನಲ್ಲೇ ‘ಹೆಣ್ಣಾಗಿರುವುದು’ ಕೂಡ ಇದೆ ಎಂಬುದನ್ನು ಗಮನಿಸಿ.

‘ದೊಡ್ಡವರಾದರೆ ತಾನೇ ಹೋಗುತ್ತದೆ ಬಿಡಿ’ ಎಂದು ನಮ್ಮ ಹಿರಿಯರು ಹೇಳುವುದನ್ನು ನೀವು ಕೇಳಿದ್ದೀರಿ. ಈ ಮಾತು ಹುಟ್ಟಿದ್ದು ಗಂಡುಮಕ್ಕಳನ್ನು ನೋಡಿ. ಅನೇಕ ಹುಡುಗರ ವಿಷಯದಲ್ಲಿ ಅದು ನಿಜವೂ ಹೌದು. ಅದೇ ಭರವಸೆಯಲ್ಲಿ ಹೆಣ್ಣುಮಗುವಿನ ಔಷಧಿ ನಿಲ್ಲಿಸಿದರೆ, ಕಾಯಿಲೆ ಬಲಿಯುವ ವಯಸ್ಸಿಗೆ ಸರಿಯಾಗಿ ಅವಳನ್ನು ಬರಿಗೈಯಲ್ಲಿ ಬಿಟ್ಟಂತಾಗುತ್ತದೆ.

ಹಾರ್ಮೋನು ಉಸಿರಿಗೆ ಏನು ಮಾಡುತ್ತದೆ?

ಆಸ್ತಮಾದಲ್ಲಿ ಗಾಳಿಯ ಕೊಳವೆಗಳ ಒಳಪದರ ಊದಿಕೊಂಡಿರುತ್ತದೆ. ಕೊಳವೆಯ ಸುತ್ತಲಿನ ಸ್ನಾಯು ಸಣ್ಣ ನೆಪಕ್ಕೂ ಬಿಗಿದುಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಕೋಶಗಳು ಧೂಳು, ಹೊಗೆ, ನೆಗಡಿ ಇಂಥವುಗಳಿಗೆ ಅತಿಯಾಗಿ ಪ್ರತಿಕ್ರಿಯಿಸುವುದೇ ಈ ಊತದ ಮೂಲ.

ಈ ಕೋಶಗಳ ಮೇಲೆ ಲೈಂಗಿಕ ಹಾರ್ಮೋನುಗಳ ಪ್ರಭಾವವಿದೆ. ಗಂಡಸರಲ್ಲಿ ಹೆಚ್ಚಾಗಿರುವ ಟೆಸ್ಟೋಸ್ಟಿರಾನ್ ಇವುಗಳ ಅಬ್ಬರವನ್ನು ತಗ್ಗಿಸುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಆಸ್ತಮಾ ಇರುವ ಹೆಂಗಸರ ರಕ್ತದಲ್ಲಿ ಊತ ಹುಟ್ಟಿಸುವ ಒಂದು ಬಗೆಯ ಕೋಶಗಳು ಆಸ್ತಮಾ ಇರುವ ಗಂಡಸರಿಗಿಂತ ಹೆಚ್ಚಿರುವುದನ್ನೂ ಅವರೇ ಕಂಡರು. ಹೆಣ್ಣಿನ ಹಾರ್ಮೋನುಗಳಾದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿರಾನ್‌ಗಳ ನಡೆ ಅಷ್ಟು ಸರಳವಲ್ಲ. ಅವು ಕೆಲವೊಮ್ಮೆ ಉಸಿರಿಗೆ ನೆರವಾಗುತ್ತವೆ, ಕೆಲವೊಮ್ಮೆ ಊತ ಹೆಚ್ಚಿಸುತ್ತವೆ. ಮುಖ್ಯ ಸಂಗತಿ ಎಂದರೆ ಹೆಣ್ಣಿನ ದೇಹದಲ್ಲಿ ಇವು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಪ್ರತಿ ತಿಂಗಳೂ ಏರಿ ಇಳಿಯುತ್ತವೆ. ಬಸಿರಿನಲ್ಲಿ ಬಹಳ ಏರುತ್ತವೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕುಸಿಯುತ್ತವೆ. ಈ ಏರಿಳಿತದ ಜೊತೆ ಆಸ್ತಮಾ ಕೂಡ ಏರಿಳಿಯಬಹುದು.

ತಿಂಗಳ ಆ ಐದಾರು ದಿನ

ಆಸ್ತಮಾ ಇರುವ ಹೆಂಗಸರಲ್ಲಿ ನೂರಕ್ಕೆ ಸುಮಾರು 20ರಿಂದ 40 ಮಂದಿಗೆ ಮುಟ್ಟಿನ ಹಿಂದಿನ ಕೆಲವು ದಿನ ಹಾಗೂ ಮುಟ್ಟಿನ ಮೊದಲ ದಿನಗಳಲ್ಲಿ ಉಬ್ಬಸ ಹೆಚ್ಚುತ್ತದೆ. ಇದು ಹೊಸದಾಗಿ ಕಂಡದ್ದಲ್ಲ. ನ್ಯೂಯಾರ್ಕಿನ ವೈದ್ಯ ರಾಬರ್ಟ್ ಫ್ರಾಂಕ್ 1931ರಲ್ಲೇ ಮುಟ್ಟಿನ ಮುಂಚಿನ ತೊಂದರೆಗಳ ಬಗ್ಗೆ ಬರೆಯುವಾಗ ಆ ದಿನಗಳಲ್ಲಿ ಆಸ್ತಮಾ ಕೆರಳುವುದನ್ನೂ ದಾಖಲಿಸಿದ್ದರು. ಸುಮಾರು ನೂರು ವರ್ಷವಾಗುತ್ತಾ ಬಂದರೂ ನಮ್ಮ ಕ್ಲಿನಿಕ್ಕುಗಳಲ್ಲಿ ಈ ಪ್ರಶ್ನೆ ಕೇಳುವವರು ವಿರಳ, ಹೇಳುವವರು ಇನ್ನೂ ವಿರಳ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಟ್ಟಿನ ಹೊಟ್ಟೆನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಗಳಲ್ಲಿ ಮೆಫೆನಾಮಿಕ್ ಆ್ಯಸಿಡ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಇಂಥವು ಇರುತ್ತವೆ. ಆಸ್ತಮಾ ಇರುವ ಕೆಲವರಿಗೆ ಇವೇ ಉಬ್ಬಸ ತರಿಸುತ್ತವೆ. ಆ್ಯಸ್ಪಿರಿನ್ ಕೂಡ ಇದೇ ಗುಂಪಿನದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಮಾತ್ರೆ ನುಂಗಿದ ಒಂದೆರಡು ಗಂಟೆಯೊಳಗೆ ಮೂಗು ಕಟ್ಟಿ ಎದೆ ಬಿಗಿದರೆ ಅದನ್ನು ಮತ್ತೆ ಕೊಡಬೇಡಿ, ವೈದ್ಯರಿಗೆ ತಿಳಿಸಿ. ತಿಂಗಳ ಉಬ್ಬಸಕ್ಕೆ ಹಾರ್ಮೋನು ಕಾರಣವೋ ಮಾತ್ರೆ ಕಾರಣವೋ ಎಂದು ತಿಳಿಯಲು ದಿನಾಂಕದ ಜೊತೆಗೆ ಯಾವ ಮಾತ್ರೆ ತೆಗೆದುಕೊಂಡಳು ಎಂಬುದನ್ನೂ ಬರೆದಿಡಬೇಕು.

ಇದಕ್ಕೆ ದುಬಾರಿ ಹಾರ್ಮೋನು ಪರೀಕ್ಷೆ ಬೇಕಿಲ್ಲ. ಗೋಡೆಯ ಕ್ಯಾಲೆಂಡರ್ ಸಾಕು. ಮುಟ್ಟಾದ ದಿನಕ್ಕೆ ಒಂದು ಗೆರೆ, ಉಬ್ಬಸ ಬಂದ ದಿನಕ್ಕೆ ಒಂದು ಚುಕ್ಕೆ, ಪಂಪು ಬಳಸಿದ್ದು ಎಷ್ಟು ಸಲ ಎಂಬ ಅಂಕಿ. ಗೋಡೆಯ ಮೇಲೆ ಎಲ್ಲರಿಗೂ ಕಾಣುವುದು ಮಗಳಿಗೆ ಮುಜುಗರವಾದರೆ ಅವಳದೇ ಒಂದು ಚಿಕ್ಕ ಪುಸ್ತಕವಿರಲಿ. ಮೂರು ತಿಂಗಳು ಹೀಗೆ ಬರೆದರೆ ಚುಕ್ಕೆಗಳು ಗೆರೆಯ ಸುತ್ತಲೇ ಸೇರುತ್ತಿವೆಯೇ ಎಂಬುದು ಯಾರಿಗಾದರೂ ಕಾಣುತ್ತದೆ.

ವೈದ್ಯರ ಕೋಣೆಯ ಮೌನ

ನಮ್ಮ ಮನೆಗಳ ಹೆಣ್ಣುಮಗಳು ವೈದ್ಯರ ಬಳಿ ಹೇಗೆ ಹೋಗುತ್ತಾಳೆ ಎಂದು ಒಮ್ಮೆ ಯೋಚಿಸಿ. ಅಬ್ಬಾ ಅಥವಾ ಅಣ್ಣ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ಒಳಗೆ ಕುಳಿತಿರುವವರು ಬಹುಪಾಲು ಗಂಡು ವೈದ್ಯರು. ಅವರು ಕೇಳಿದ ಪ್ರಶ್ನೆಗೆ ಅಬ್ಬಾ ಉತ್ತರಿಸುತ್ತಾರೆ. ಮಗಳು ತಲೆ ತಗ್ಗಿಸಿ ಕುಳಿತಿರುತ್ತಾಳೆ. ಉಬ್ಬಸ ಯಾವಾಗ ಹೆಚ್ಚು ಎಂದು ಕೇಳಿದರೆ ‘ಚಳಿಗಾಲದಲ್ಲಿ’ ಎಂಬ ಉತ್ತರ ಬರುತ್ತದೆ. ತಿಂಗಳ ದಿನದ ಮಾತು ಅಲ್ಲಿ ಬರುವುದೇ ಇಲ್ಲ. ಹತ್ತು ನಿಮಿಷದಲ್ಲಿ ಚೀಟಿ ಸಿಗುತ್ತದೆ, ಮುಂದಿನ ತಿಂಗಳು ಅದೇ ದಿನಗಳಲ್ಲಿ ಮತ್ತೆ ಉಸಿರು ಕಟ್ಟುತ್ತದೆ.

ಲಜ್ಜೆ ನಮ್ಮ ದೀನಿನಲ್ಲಿ ದೊಡ್ಡ ಗುಣ. ಆದರೆ ಕಾಯಿಲೆಯ ವಿಷಯದಲ್ಲಿ ಬಾಯಿ ಮುಚ್ಚಿಸುವ ಸಂಕೋಚಕ್ಕೂ ಅದಕ್ಕೂ ಸಂಬಂಧವಿಲ್ಲ. ಮದೀನಾದ ಹೆಂಗಸರು ಮುಟ್ಟು ಮತ್ತು ಶುದ್ಧಿಯ ಕುರಿತ ಪ್ರಶ್ನೆಗಳನ್ನು ನೇರವಾಗಿ ಪ್ರವಾದಿಯವರ(ಸ) ಮುಂದಿಟ್ಟು ಉತ್ತರ ಪಡೆದರು. ಮುಟ್ಟಿನ ನಿಯಮಗಳನ್ನು ಮದ್ರಸಾದಲ್ಲಿ ಪಾಠವಾಗಿ ಕಲಿಸುವ ಸಮುದಾಯ ನಮ್ಮದು. ನಮಾಝಿಗಾಗಿ ದಿನ ಎಣಿಸಲು ಗೊತ್ತಿರುವ ಮಗಳಿಗೆ ಉಸಿರಿಗಾಗಿ ದಿನ ಎಣಿಸಲು ಹೇಳಿಕೊಡುವುದು ಕಷ್ಟವೇ?

ಆದ್ದರಿಂದ ಮಗಳ ಜೊತೆ ಅಮ್ಮಿ, ಖಾಲಾ ಅಥವಾ ಅಕ್ಕ ಹೋಗಲಿ. ಅಬ್ಬಾ ಹೋಗಲೇಬೇಕಾದರೆ ಮಗಳು ದಿನಾಂಕ ಬರೆದ ಚೀಟಿಯನ್ನು ವೈದ್ಯರ ಕೈಗೆ ಕೊಡಲಿ. ‘ಡಾಕ್ಟರ್, ಮುಟ್ಟಿನ ಮುಂಚೆ ಉಬ್ಬಸ ಹೆಚ್ಚುತ್ತದೆ’ ಎಂಬ ಒಂದು ಸಾಲು ಚಿಕಿತ್ಸೆಯ ದಿಕ್ಕನ್ನು ಬದಲಿಸಬಹುದು. ಎಷ್ಟೋ ಸಲ ಬೇಕಾಗುವುದು ಹೊಸ ಔಷಧಿಯಲ್ಲ. ಊತ ತಗ್ಗಿಸುವ ಇನ್‌ಹೇಲರನ್ನು ತಿಂಗಳಿಡೀ ತಪ್ಪದೆ ಬಳಸುವುದು, ವೈದ್ಯರ ಸಲಹೆಯಂತೆ ಆ ಕೆಲವು ದಿನಗಳಿಗೆ ಮೊದಲೇ ಸಿದ್ಧವಾಗಿರುವುದು, ಇಷ್ಟೇ. ಗರ್ಭನಿರೋಧಕ ಅಥವಾ ಬೇರೆ ಹಾರ್ಮೋನು ಮಾತ್ರೆಗಳನ್ನು ಉಬ್ಬಸಕ್ಕೆಂದು ನಿಮ್ಮಷ್ಟಕ್ಕೆ ನೀವೇ ಶುರು ಮಾಡಬೇಡಿ.

ಮದುವೆಯ ಮಾತುಕತೆಯಲ್ಲಿ ಬಚ್ಚಿಟ್ಟ ಪಂಪು

ಇನ್ನು ಕಹಿಯಾದ ವಿಷಯ. ಗಂಡುಮಗನಿಗೆ ಬಾಲ್ಯದಲ್ಲಿ ಉಬ್ಬಸವಿತ್ತು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮಗಳಿಗೆ ಇದೆ ಎಂದರೆ ‘ಸಂಬಂಧ ಹೇಗೆ ಬರುತ್ತದೆ’ ಎಂಬ ಚಿಂತೆ ಶುರುವಾಗುತ್ತದೆ. ಪರಿಣಾಮವಾಗಿ ಇನ್‌ಹೇಲರ್ ಬೀರುವಿನ ಬಟ್ಟೆಯಡಿ ಸೇರುತ್ತದೆ. ಮದುವೆಯಾದ ಮೇಲೆ ಅತ್ತೆಯ ಮನೆಯಲ್ಲಿ ಸ್ನಾನದ ಕೋಣೆಗೆ ಹೋಗಿ ಕದ್ದು ಸೇದುವ, ಇಲ್ಲವೇ ಪೂರ್ತಿ ಬಿಟ್ಟೇಬಿಡುವ ಹೆಣ್ಣುಮಕ್ಕಳಿದ್ದಾರೆ.

2019ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಆಸ್ತಮಾ ರೋಗಿಗಳಿದ್ದಾರೆ. ಜಗತ್ತಿನ ರೋಗಿಗಳಲ್ಲಿ ನಮ್ಮ ಪಾಲು ನೂರಕ್ಕೆ ಸುಮಾರು 13. ಆದರೆ ಜಗತ್ತಿನ ಆಸ್ತಮಾ ಸಾವುಗಳಲ್ಲಿ ನಮ್ಮ ಪಾಲು ನೂರಕ್ಕೆ 40ಕ್ಕೂ ಹೆಚ್ಚು. ಕಾಯಿಲೆಯನ್ನು ಗುರುತಿಸದಿರುವುದು, ಬಚ್ಚಿಡುವುದು, ಇನ್‌ಹೇಲರಿಗೆ ಹೆದರುವುದು, ನಡುವೆ ನಿಲ್ಲಿಸುವುದು ಇವೆಲ್ಲ ಸೇರಿಯೇ ಈ ಅಂತರ. ಸರಿಯಾದ ಔಷಧಿ ಕ್ರಮವಾಗಿ ತೆಗೆದುಕೊಂಡರೆ ಬಹುಪಾಲು ಜನ ಓದಬಹುದು, ದುಡಿಯಬಹುದು, ಆರೋಗ್ಯವಂತ ಮಕ್ಕಳನ್ನು ಹೆರಬಹುದು.

ಗಂಡಿನ ಕಡೆಯವರೇ, ನಿಮಗೊಂದು ಮಾತು. ಆಸ್ತಮಾ ಇದೆ ಎಂದು ಮುಂಚೆಯೇ ಹೇಳುವ ಮನೆಯವರು ನಿಮಗೆ ಮೋಸ ಮಾಡುತ್ತಿಲ್ಲ, ನಿಮ್ಮನ್ನು ನಂಬುತ್ತಿದ್ದಾರೆ. ಹೆಣ್ಣಿನ ಕಡೆಯವರೇ, ನಿಮಗೂ ಒಂದು ಮಾತು. ಬಚ್ಚಿಟ್ಟರೆ ಮದುವೆ ಉಳಿಯಬಹುದು, ಆದರೆ ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಾಗ ಅವಳಿಗೆ ಏನಾಗುತ್ತಿದೆ ಎಂದು ಗೊತ್ತಿರುವವರು ಆ ಮನೆಯಲ್ಲಿ ಒಬ್ಬರೂ ಇರುವುದಿಲ್ಲ.

ಬಸುರಿಯಾದಾಗ ಪಂಪು ಬಿಡಬೇಡಿ

ಗರ್ಭಿಣಿಯರಲ್ಲಿ ಆಸ್ತಮಾ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ವೈದ್ಯರು ಹೇಳುವ ಹಳೆಯ ಲೆಕ್ಕವೊಂದಿದೆ. ಸುಮಾರು ಮೂರನೇ ಒಂದು ಭಾಗದವರಿಗೆ ಹಗುರವಾಗುತ್ತದೆ, ಇನ್ನೊಂದು ಭಾಗದವರಿಗೆ ಹಾಗೆಯೇ ಇರುತ್ತದೆ, ಉಳಿದವರಿಗೆ ಹೆಚ್ಚುತ್ತದೆ. ಯಾರಿಗೆ ಯಾವುದು ಎಂದು ಮೊದಲೇ ಹೇಳಲಾಗುವುದಿಲ್ಲ. ಹೆಚ್ಚುವುದಾದರೆ ಸಾಮಾನ್ಯವಾಗಿ ಆರನೇ ತಿಂಗಳಿನಿಂದ ಎಂಟನೇ ತಿಂಗಳ ಆಸುಪಾಸಿನಲ್ಲಿ ಹೆಚ್ಚು.

ನಮ್ಮಲ್ಲಿ ಆಗುವುದೇನು? ಮುಟ್ಟು ನಿಂತಿತು ಎಂದು ತಿಳಿದ ಕೂಡಲೇ ‘ಮಗುವಿಗೆ ತೊಂದರೆಯಾದೀತು’ ಎಂದು ಮೊದಲು ನಿಲ್ಲಿಸುವುದು ಪಂಪನ್ನೇ. ಮಗುವಿಗೆ ನಿಜವಾದ ಅಪಾಯವಿರುವುದು ತಾಯಿಯ ಹತೋಟಿ ತಪ್ಪಿದ ಉಬ್ಬಸದಿಂದ. ತಾಯಿಗೆ ಸಿಗದ ಆಮ್ಲಜನಕ ಮಗುವಿಗೂ ಸಿಗುವುದಿಲ್ಲ. ಅವಧಿಗೆ ಮುಂಚೆ ಹೆರಿಗೆ, ಕಡಿಮೆ ತೂಕದ ಮಗು, ತಾಯಿಗೆ ರಕ್ತದೊತ್ತಡ ಏರುವುದು ಇವೆಲ್ಲ ಹತೋಟಿಯಲ್ಲಿಲ್ಲದ ಆಸ್ತಮಾದಲ್ಲಿ ಹೆಚ್ಚು. ಬುಡೆಸೊನೈಡ್‌ನಂಥ ಇನ್‌ಹೇಲರ್ ಔಷಧಿಗಳನ್ನು ಗರ್ಭಿಣಿಯರಲ್ಲಿ ದಶಕಗಳಿಂದ ಬಳಸಿ ಅವುಗಳ ಸುರಕ್ಷತೆಯನ್ನು ನೋಡಲಾಗಿದೆ.

ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸುವ ದಿನವೇ ‘ನನಗೆ ಆಸ್ತಮಾ ಇದೆ’ ಎಂದು ಹೇಳಿ ಬರೆಸಿ. ಹೆರಿಗೆ ಮಾಡಿಸುವ ವೈದ್ಯರಿಗೂ, ಅರಿವಳಿಕೆ ಕೊಡುವವರಿಗೂ ಅದು ಮುಖ್ಯವಾದ ಮಾಹಿತಿ. ತವರಿಗೆ ಹೋಗುವಾಗ ಮಗುವಿನ ಬಟ್ಟೆಯ ಜೊತೆ ಇನ್‌ಹೇಲರೂ ಚೀಲದಲ್ಲಿರಲಿ.

ಮುಟ್ಟು ನಿಲ್ಲುವ ವಯಸ್ಸಿನ ಉಬ್ಬಸ

ನಲವತ್ತೈದು, ಐವತ್ತರ ವಯಸ್ಸಿನಲ್ಲಿ ಮೊದಲ ಬಾರಿ ಆಸ್ತಮಾ ಕಾಣಿಸಿಕೊಳ್ಳುವ ಹೆಂಗಸರೂ ಇದ್ದಾರೆ. ಬಾಲ್ಯದ ಆಸ್ತಮಾದಂತೆ ಇದರಲ್ಲಿ ಅಲರ್ಜಿಯ ಪಾತ್ರ ದೊಡ್ಡದಿರುವುದಿಲ್ಲ, ದೇಹದ ತೂಕ ಹೆಚ್ಚಿರುವವರಲ್ಲಿ ಇದು ಹೆಚ್ಚು ಕಾಣುತ್ತದೆ. ಮುಟ್ಟು ನಿಂತ ಮೇಲೆ ಹಾರ್ಮೋನು ಮಾತ್ರೆ ತೆಗೆದುಕೊಂಡವರಲ್ಲಿ ಹೊಸದಾಗಿ ಆಸ್ತಮಾ ಹುಟ್ಟುವುದು ಹೆಚ್ಚೆಂದು ಅಮೆರಿಕದ ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಕಂಡುಬಂದಿದೆ. ಅಂಥ ಮಾತ್ರೆ ಬರೆಯುವ ವೈದ್ಯರಿಗೆ ನಿಮ್ಮ ಉಬ್ಬಸದ ಇತಿಹಾಸ ಗೊತ್ತಿರಬೇಕು.

ಈ ವಯಸ್ಸಿನ ಹೆಂಗಸರ ಏದುಸಿರಿಗೆ ಹೃದಯ, ರಕ್ತಹೀನತೆ, ಥೈರಾಯ್ಡ್ ಕೂಡ ಕಾರಣವಾಗಬಹುದು. ಅದಕ್ಕೇ ಊಹೆ ಮಾಡಿ ಕೂರಬಾರದು. ಊದಿ ನೋಡುವ ಪರೀಕ್ಷೆ ಅಂದರೆ ಸ್ಪೈರೋಮೆಟ್ರಿ ಮಾಡಿಸಿದರೆ ಆಸ್ತಮಾ ಹೌದೋ ಅಲ್ಲವೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ನಮ್ಮ ಊರಿನಿಂದ ತಲುಪಲಾಗದಷ್ಟು ದೂರದಲ್ಲಿಲ್ಲ. ಮಾರಿಕುಪ್ಪಂ ರೈಲಿನಲ್ಲಿ ದಿನಾ ಸಾವಿರಾರು ಜನ ದುಡಿಮೆಗಾಗಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಮನೆಯ ಹೆಂಗಸಿನ ಉಸಿರಿಗಾಗಿ ಒಂದು ದಿನ ಹೋಗಿಬರಬಾರದೇ?

ಹಾರ್ಮೋನಿನ ಮೇಲೆ ಎಲ್ಲ ಭಾರ ಹಾಕಬೇಡಿ

ಹೆಂಗಸರಿಗೆ ಉಬ್ಬಸ ಹೆಚ್ಚು ಎಂದಾಗ ‘ಅವರ ದೇಹವೇ ಹಾಗೆ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಹಾರ್ಮೋನು ನೆಲವನ್ನು ಹದ ಮಾಡುತ್ತದೆ, ಅದರಲ್ಲಿ ಬೀಜ ಬಿತ್ತುವುದು ಹೆಚ್ಚಾಗಿ ಮನೆಯ ಗಾಳಿ. ಆ ಗಾಳಿಯಲ್ಲಿ ದಿನವಿಡೀ ಇರುವವರು ಯಾರು? ಒಗ್ಗರಣೆಯ ಘಾಟು, ಸೌದೆಯ ಹೊಗೆ, ಕಸ ಗುಡಿಸುವಾಗ ಏಳುವ ಧೂಳು, ರಜಾಯಿ ಕೊಡವುವುದು, ಬ್ಲೀಚಿಂಗ್ ಪೌಡರ್, ಆ್ಯಸಿಡ್ ಹಾಕಿ ಬಚ್ಚಲು ತೊಳೆಯುವುದು ಎಲ್ಲವೂ ಹೆಂಗಸರ ಪಾಲಿಗೇ ಬಂದ ಕೆಲಸಗಳು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ, ಜುಮಾ ರಾತ್ರಿ ಲೋಬಾನ, ಊದುಬತ್ತಿ, ಹಬ್ಬಕ್ಕೆ ತೀಕ್ಷ್ಣವಾದ ಅತ್ತರು, ಜೊತೆಗೆ ಅಬ್ಬಾ ಒಳಗೇ ಕುಳಿತು ಸೇದುವ ಬೀಡಿ. ಲೋಬಾನದ ಪರಿಮಳ ನಮಗೆ ಪ್ರಿಯ ಎಂಬುದು ನಿಜ. ಆದರೆ ಆಸ್ತಮಾ ಇರುವವರ ಮನೆಯಲ್ಲಿ ಅದು ಹೊಗೆಯೇ. ಕಿಟಕಿ ತೆರೆಯಿರಿ, ಅಥವಾ ಅವರಿಲ್ಲದ ಹೊತ್ತಿನಲ್ಲಿ ಹಾಕಿ, ಅಥವಾ ಬಿಟ್ಟುಬಿಡಿ. ಗುಡಿಸುವ, ಕೊಡವುವ ಕೆಲಸವನ್ನು ಗಂಡುಮಕ್ಕಳು ಮಾಡಲಿ. ಪ್ರವಾದಿಯವರು(ಸ) ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂಬುದು ನಮಗೆ ಗೊತ್ತಿರುವ ವಿಷಯವೇ.

ಮನೆಯ ಹೊರಗೆ ನಮ್ಮ ಊರಿನದೇ ಒಂದು ಹೊರೆಯಿದೆ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಮಣ್ಣು, ಸುಮಾರು 3.3 ಕೋಟಿ ಟನ್, ಸೈನೈಡ್ ದಿಬ್ಬಗಳಾಗಿ ನಿಂತಿದೆ. ಗಾಳಿ ಜೋರಾದಾಗ ಅದರ ಧೂಳು ಮನೆಗಳಿಗೆ ಬರುತ್ತದೆ. ಆಸ್ತಮಾ ಇರುವವರಿಗೆ ಇಂಥ ನುಣ್ಣನೆಯ ಧೂಳು ಸಾಕು. 2024ರ ಜೂನ್‌ನಲ್ಲಿ 13 ದಿಬ್ಬಗಳನ್ನು ಮತ್ತೆ ಅಗೆದು ಲೋಹ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಉದ್ಯೋಗ ಬರಲಿ ಎಂದು ನಾವೆಲ್ಲ ಬಯಸುತ್ತೇವೆ. ಆದರೆ ಧೂಳನ್ನು ತಡೆಯುವ ವ್ಯವಸ್ಥೆ ಏನು, ಅಳೆಯುವವರು ಯಾರು, ಸುತ್ತಲಿನ ಮನೆಗಳ ಹೆಂಗಸರು ಮಕ್ಕಳ ಶ್ವಾಸಕೋಶವನ್ನು ಪರೀಕ್ಷಿಸುವವರು ಯಾರು ಎಂದು ಮೊದಲೇ ಕೇಳಬೇಕು. ಹಿಂದೆ ಪರೀಕ್ಷೆ ನಡೆದದ್ದು ಗಣಿಗೆ ಇಳಿದವರಿಗೆ. ಧೂಳು ಮಾತ್ರ ಇಳಿಯದವರ ಮನೆಗೂ ಬಂದಿತ್ತು.

ಪಂಪಿನ ಭಯ ಬಿಡಿ

‘ಪಂಪು ಹಿಡಿದರೆ ಜೀವನಪೂರ್ತಿ ಬಿಡುವುದಿಲ್ಲ’, ‘ಸ್ಟಿರಾಯ್ಡ್ ಇದೆ, ಹೆಣ್ಣುಮಗು ದಪ್ಪಗಾಗುತ್ತಾಳೆ’ ಎಂಬ ಮಾತುಗಳು ಎಲ್ಲ ಮನೆಯಲ್ಲೂ ಇವೆ. ಇನ್‌ಹೇಲರಿನ ಒಂದು ಸೇದುವಿಕೆಯಲ್ಲಿ ಇರುವ ಸ್ಟಿರಾಯ್ಡ್ 100, 200 ಮೈಕ್ರೊಗ್ರಾಂ ಲೆಕ್ಕದ್ದು. ಮಾತ್ರೆಯಲ್ಲಿ ಅದು ಮಿಲಿಗ್ರಾಂ ಲೆಕ್ಕ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೊಗ್ರಾಂ. ಅಷ್ಟು ಸಣ್ಣ ಪ್ರಮಾಣ ನೇರವಾಗಿ ಊತವಿರುವ ಜಾಗಕ್ಕೇ ಹೋಗುತ್ತದೆ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ತೊಂದರೆಯೂ ತಪ್ಪುತ್ತದೆ. ಇನ್‌ಹೇಲರಿಗೆ ಹೆದರಿ, ಯಾರೋ ಕೊಟ್ಟ ಹೆಸರಿಲ್ಲದ ‘ದಮಾ ಪುಡಿ’ ತಿನ್ನುವವರು ಅದರಲ್ಲಿ ಏನು ಬೆರೆತಿದೆ ಎಂದು ತಿಳಿಯದೆಯೇ ನುಂಗುತ್ತಿದ್ದಾರೆ.

ಸಾಮಾನ್ಯವಾಗಿ ನೀಲಿ ಬಣ್ಣದ, ತಕ್ಷಣ ಉಸಿರು ಬಿಡಿಸುವ ಪಂಪನ್ನು ಮಾತ್ರ ನಂಬುವುದೂ ತಪ್ಪು. ಅದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಒಳಗಿನ ಊತವನ್ನು ಇಳಿಸುವುದಿಲ್ಲ. ಆಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ಅನುಸರಿಸುವ ‘ಗಿನಾ’ ಮಾರ್ಗಸೂಚಿ 2019ರಿಂದ ಹದಿಹರೆಯದವರಿಗೂ ವಯಸ್ಕರಿಗೂ ಅದೊಂದನ್ನೇ ಬಳಸಬೇಡಿ ಎಂದು ಹೇಳುತ್ತಿದೆ. ಊತ ಇಳಿಸುವ ಔಷಧಿ ಜೊತೆಗಿರಲೇಬೇಕು. ಸಾಲ್ಬುಟಮಾಲ್, ಬುಡೆಸೊನೈಡ್ ಎರಡೂ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಸರಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ.

ರಮಝಾನ್‌ಗೆ ಮುಂಚೆ

ದಿನಕ್ಕೆರಡು ಬಾರಿ ತೆಗೆದುಕೊಳ್ಳುವ ಇನ್‌ಹೇಲರನ್ನು ಸಹರಿಗೂ ಇಫ್ತಾರಿಗೂ ಹೊಂದಿಸಿಕೊಳ್ಳಬಹುದು. ನಡುವೆ ಪಂಪು ಸೇದಿದರೆ ರೋಝಾ ಮುರಿಯುತ್ತದೆಯೇ ಎಂಬ ವಿಷಯದಲ್ಲಿ ಉಲಮಾಗಳಲ್ಲಿ ಎರಡು ಅಭಿಪ್ರಾಯಗಳಿವೆ. ನೀವು ನಂಬುವ ಆಲಿಮರನ್ನು ರಮಝಾನ್ ಬರುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಆದರೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ರೋಗಿಗೆ ವಿನಾಯಿತಿಯಿದೆ, ಬಿಟ್ಟ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಬಹುದು. ಉಸಿರು ಕಟ್ಟುತ್ತಿರುವಾಗ ಇಫ್ತಾರಿನ ಸಮಯ ನೋಡುತ್ತಾ ಕೂರಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಮುಟ್ಟು ಶುರುವಾದ ಮೇಲೆ ಅವರಿಗೆ ಉಪವಾಸವಿಲ್ಲ. ಆದರೆ ಅನೇಕರಲ್ಲಿ ಉಬ್ಬಸ ಹೆಚ್ಚುವುದು ಅದರ ಹಿಂದಿನ ಮೂರು ನಾಲ್ಕು ದಿನಗಳಲ್ಲಿ, ಅಂದರೆ ಅವರು ಉಪವಾಸವಿರುವಾಗಲೇ. ಸಹರಿಯಿಂದ ಇಫ್ತಾರಿನ ತನಕ ಒಲೆಯ ಮುಂದೆ ನಿಲ್ಲುವವರೂ ಅವರೇ. ಕ್ಯಾಲೆಂಡರಿನ ಚುಕ್ಕೆಗಳು ಅಲ್ಲಿಯೂ ಉಪಯೋಗಕ್ಕೆ ಬರುತ್ತವೆ. ಆ ದಿನಗಳಲ್ಲಿ ಕರಿಯುವ ಕೆಲಸದಿಂದ ಅವಳಿಗೆ ಬಿಡುವು ಕೊಡಿ.

ಕೊನೆಯದಾಗಿ

ಮಾತನಾಡುವಾಗ ಒಂದು ವಾಕ್ಯ ಪೂರ್ತಿ ಮಾಡಲಾಗದಿದ್ದರೆ, ತುಟಿ ಉಗುರು ನೀಲಿಗಟ್ಟಿದರೆ, ಪಂಪು ಸೇದಿದರೂ ಉಸಿರು ಇಳಿಯದಿದ್ದರೆ ಕಾಯಬೇಡಿ. ಆ ಹೊತ್ತಿನಲ್ಲಿ ಗಂಡಸರು ಬರಲಿ ಎಂದು ಬಾಗಿಲಲ್ಲಿ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ, ನೆರೆಯವರನ್ನು ಕೂಗಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಉಳಿದ ದಿನಗಳಿಗೆ ನಮ್ಮ ಶಾಲೆಗಳು, ಮದ್ರಸಾಗಳು, ಮಸೀದಿ ಕಮಿಟಿಗಳು ಮಾಡಬಹುದಾದ ಕೆಲಸವೂ ಇದೆ. ರಕ್ತದಾನ, ಕಣ್ಣಿನ ತಪಾಸಣೆಯ ಶಿಬಿರಗಳನ್ನು ನಡೆಸುವ ಹಾಗೆ, ಮಹಿಳಾ ವೈದ್ಯರನ್ನು ಕರೆಸಿ ಹೆಣ್ಣುಮಕ್ಕಳಿಗೆಂದೇ ಉಸಿರಿನ ತಪಾಸಣೆಯ ಶಿಬಿರ ಏರ್ಪಡಿಸಲಿ. ಹೈಸ್ಕೂಲಿನಲ್ಲಿ ಓದುವ ಹುಡುಗಿಯ ಚೀಲದಲ್ಲಿ ಇನ್‌ಹೇಲರ್ ಕಂಡರೆ ಟೀಚರು ಗಾಬರಿಯಾಗದಂತೆ, ಗೆಳತಿಯರು ನಗದಂತೆ ತಿಳಿಹೇಳಲಿ.

ಮನೆಯಲ್ಲಿ ನೀವು ಮಾಡಬೇಕಾದದ್ದು ಅದಕ್ಕಿಂತ ಸುಲಭ. ಇವತ್ತು ರಾತ್ರಿ ಊಟವಾದ ಮೇಲೆ ಮಗಳನ್ನೋ ಸೊಸೆಯನ್ನೋ ಪಕ್ಕಕ್ಕೆ ಕರೆದು ‘ನಿನಗೆ ಉಸಿರು ಕಟ್ಟುವುದು ಯಾವ ದಿನಗಳಲ್ಲಿ?’ ಎಂದು ಕೇಳಿ. ಅವಳಿಗೆ ಉತ್ತರ ಗೊತ್ತಿರುತ್ತದೆ. ಇಷ್ಟು ವರ್ಷ ಅವಳನ್ನು ಯಾರೂ ಕೇಳಿರಲಿಲ್ಲ.